ಸಾಧನದ ನಿವೃತ್ತಿ

ಒಮಾನ್ ದೇಶದ ಸಲಾಲಾದ ಕಡಲಂಚಿನ ಬಯಲಿನಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ದೋಫಾರ್ ಬೆಟ್ಟಗಳ ಮೇಲೆ ಕವಿಯುವ ಖರೀಫ್ ಕಾಲದ ಮಂಜುತುಂತುರುಗಳು ನೆಲದೊಳಗಿಳಿದು ಅಂತರ್ಜಲವಾಗಿ ಒದಗುವುದರಿಂದ, ಮರುಭೂಮಿಯ ನೆರೆಯಲ್ಲಿಯೇ ತೆಂಗು, ಬಾಳೆ, ಪರಂಗಿಗಳು ನಮ್ಮ ಕರಾವಳಿಯಲ್ಲಿರುವಂತೆ ಬೆಳೆದು ದಾರಿಬದಿಯ ಅಂಗಡಿಗಳನ್ನು ತುಂಬುತ್ತವೆ. ಬೆಟ್ಟದಾಚೆಯ ಒಣನೆಲದ ಲುಬಾನ್ ಮರದ ತೊಗಟೆಯನ್ನು ಕೆತ್ತಿ, ಒಸರಿದ ಅಂಟು ಗಟ್ಟಿಯಾಗುವವರೆಗೆ ಕಾದು ಸಂಗ್ರಹಿಸಿದ ಧೂಪವನ್ನು ಹಬೆಯಲ್ಲಿ ಬಟ್ಟಿಯಿಳಿಸಿದರೆ, ಹಬೆಯು ಸುಗಂಧತೈಲವನ್ನು ಹೊತ್ತು ತಂದು, ತಣಿದು ನೀರಾಗಿ, ತಾನೇ ಕೆಳಗೆ ಸರಿದು ನಿಲ್ಲುತ್ತದೆ. ಸಾರವನ್ನು ಬಿಡಿಸಿಕೊಟ್ಟ ಮೇಲೆ ಸಾರಕ್ಕೆ ಅಂಟಿಕೊಳ್ಳದೆ ನಿವೃತ್ತವಾಗುವ ಈ ಸೌಜನ್ಯವು ಎಲ್ಲ ಸಾಧನಗಳಿಗೂ ಉಂಟೇ ಎಂಬುದು ವೇದಾಂತದ ಹಳೆಯ ಪ್ರಶ್ನೆ.

ಪರಂಗಿಯ ವಿಷಯದಲ್ಲಿ ಪ್ರಶ್ನೆ ತೊಡಕಾಗುತ್ತದೆ. ಎಳಗಾಯಿಯ ಹಾಲಿನಲ್ಲಿರುವ, ಮಾಂಸವನ್ನು ಮೆದುಗೊಳಿಸುವ ಪಪೈನ್ ಒಂದು ಕಿಣ್ವ. ಕಿಣ್ವಕ್ಕೆ ಆಕೃತಿಯೇ ಶಕ್ತಿ, ಆ ಆಕೃತಿಯನ್ನು ಕಾಯುವುದು ಸುತ್ತಲಿನ ನೀರು. ಅದನ್ನು ಕೆಡಿಸದೆ ಬೇರ್ಪಡಿಸಲು, 1914ರಲ್ಲಿ ರಸಾಯನವಿಜ್ಞಾನಿ ಪೌಲ್ ವಾಲ್ಡೆನ್ ವರ್ಣಿಸಿದ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವ ಲವಣದ ಸಂತತಿಯಾದ ಅಯಾನಿಕ ದ್ರವಗಳನ್ನು ಬಳಸುವವರುಂಟು. 2003ರಲ್ಲಿ ಅಮೆರಿಕದ ರಾಬಿನ್ ರೋಜರ್ಸ್ ಮತ್ತು ಸಂಗಡಿಗರು ತೋರಿಸಿದಂತೆ, ಇಂಥ ದ್ರವವು ಬೆರೆತ ನೀರಿಗೆ ಪೊಟ್ಯಾಸಿಯಂ ಫಾಸ್ಫೇಟನ್ನು ಸೇರಿಸಿದರೆ, ಅದು ನೀರನ್ನು ತನ್ನತ್ತ ಸೆಳೆದುಕೊಂಡು, ಒಂದಾಗಿದ್ದ ದ್ರಾವಣವು ಎರಡು ಪದರಗಳಾಗುತ್ತದೆ; ಕಿಣ್ವವು ತನಗೊಗ್ಗುವ ಪದರವನ್ನು ಸೇರುತ್ತದೆ. ಎರಡೂ ಪದರಗಳಲ್ಲಿ ನೀರುಂಟು, ನೀರನ್ನೇ ತೊರೆಯುವ ಹಂಸದ ವಿವೇಕಕ್ಕಿಂತ ಇದು ಸೂಕ್ಷ್ಮವಾದುದು.

ಆದರೆ ಅಯಾನಿಕ ದ್ರವದ ಕೀರ್ತಿಯೇ ಅದರ ದೋಷ. ಆವಿಯಾಗಿ ಗಾಳಿಯನ್ನು ಕೆಡಿಸದೆಂದು ಹೊಗಳಿಸಿಕೊಂಡ ಆ ಗುಣದಿಂದಲೇ ಅದನ್ನು ಕಾಯಿಸಿ ಓಡಿಸುವಂತಿಲ್ಲ. ತಾನಾಗಿ ತೊಲಗದ ಈ ಸಾಧನಕ್ಕೆ ಪ್ರತಿಯಾಗಿ, ಶಂಕರಾಚಾರ್ಯರದೆಂದು ಪ್ರಸಿದ್ಧವಾದ ಆತ್ಮಬೋಧದಲ್ಲಿ, ಬಗ್ಗಡದ ನೀರನ್ನು ತಿಳಿಗೊಳಿಸಿ ತಾನೂ ಅಡಗಿಹೋಗುವ ಕತಕಬೀಜದ ಪುಡಿಯಂತೆ, ಅಜ್ಞಾನದ ಕಲ್ಮಷವನ್ನು ಕಳೆದ ಜ್ಞಾನವೂ ತಾನಾಗಿ ಲಯಿಸುವುದೆಂಬ ದೃಷ್ಟಾಂತವಿದೆ. ದೃಷ್ಟಾಂತವು ರಮ್ಯವಾದುದೇ, ಆದರೂ ನನಗೆ ತುಸು ಸುಲಭವಾಗಿ ತೋರುತ್ತದೆ. ಮತ, ಸಂಪ್ರದಾಯ, ವ್ರತ, ಗುರುಭಕ್ತಿ ಎಂದು ಬಂಧನವನ್ನು ಬಿಡಿಸಲು ಬಂದವುಗಳಲ್ಲಿ ತಾವಾಗಿ ಅಡಗಿಹೋದವು ಎಷ್ಟು? ಪ್ರಯೋಗಶಾಲೆಯಾದರೋ ಅಯಾನಿಕ ದ್ರವವನ್ನು ಕಳೆಯಲು ಬೇರೆಯೇ ಶ್ರಮವನ್ನು ವಿಧಿಸಿದೆ: ಕಿಣ್ವವು ದಾಟಲಾರದ ಪೊರೆಯ ಚೀಲದಲ್ಲಿ ದ್ರಾವಣವನ್ನಿಟ್ಟು, ಹೊರಗಿನ ನೀರನ್ನು ಮತ್ತೆ ಮತ್ತೆ ಬದಲಿಸುತ್ತ, ಬಿಡಿಸಿದುದನ್ನು ಬಿಡಿಸುತ್ತಾರೆ.