ಮನೆಯ ಮಾತು ತರಗತಿಯ ಹೊರಗೇ ನಿಲ್ಲಬೇಕಾ?

ಒಂದು ಭಾಷೆ ಚೆನ್ನಾಗಿ ಬಂದರೆ ಅದನ್ನು ಕಲಿಸೋಕೂ ಬರುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಇದು ಎಷ್ಟು ನಿಜ ಅಂತ ತಿಳಿಯಬೇಕಾದರೆ ಸಿಂಗಪುರದ ಮ್ಯಾಂಡರಿನ್ ತರಗತಿಗಳ ಕಥೆ ಕೇಳಬೇಕು.

ಅಲ್ಲಿ 1966ರಿಂದ ಶಾಲಾಮಕ್ಕಳಿಗೆ ಎರಡು ಭಾಷೆ ಕಡ್ಡಾಯ. ಒಂದು ಇಂಗ್ಲಿಷ್, ಇನ್ನೊಂದು 'ತಾಯ್ನುಡಿ'. ಚೀನೀ ಮೂಲದ ಮಕ್ಕಳ ಪಾಲಿಗೆ ತಾಯ್ನುಡಿ ಅಂದರೆ ಮ್ಯಾಂಡರಿನ್. ಆದರೆ ಅವರ ಅಜ್ಜಿಯರಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಹೊಕ್ಕಿಯನ್, ತಿಯೋಚ್ಯೂ, ಕ್ಯಾಂಟನೀಸ್! 1979ರಲ್ಲಿ ಸರ್ಕಾರ 'ಮ್ಯಾಂಡರಿನ್ ಮಾತಾಡಿ' ಅಂತ ಆಂದೋಲನವನ್ನೇ ಶುರು ಮಾಡಿತು. ಅಜ್ಜಿಯ ಮಾತು ಹಿಂದೆ ಸರಿಯಿತು. ಅದರ ಜಾಗಕ್ಕೆ ಮ್ಯಾಂಡರಿನ್ ಬಂತು, ಆಮೇಲೆ ಇಂಗ್ಲಿಷ್ ಅದನ್ನೂ ದಾಟಿತು. 2020ರ ಜನಗಣತಿಯ ಪ್ರಕಾರ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು ಶೇ. 48.3, ಮ್ಯಾಂಡರಿನ್ ಆಡುವವರು ಶೇ. 29.9.

ಇಂಥ ಮನೆಗಳಿಂದ ಬಂದ ಮಕ್ಕಳ ಮುಂದೆ ಮ್ಯಾಂಡರಿನ್ ಮೇಷ್ಟ್ರು ನಿಂತಿದ್ದಾರೆ. ತರಗತಿಯಲ್ಲಿ ಬೇರೆ ಭಾಷೆಯ ಸೊಲ್ಲೇ ಎತ್ತಬಾರದು, ಉಕ್ತಲೇಖನ ಬರೆಸಬೇಕು, ಬಾಯಿಪಾಠ ಮಾಡಿಸಬೇಕು ಅನ್ನೋದು ಹಳೇ ದಾರಿ. ಈ ಪದ್ಧತಿಯ ಹಿಂದಿದ್ದ ಲೀ ಕ್ವಾನ್ ಯೂ ಅವರೇ 2009ರಲ್ಲಿ, ನಾವು ಶುರು ಮಾಡಿದ ರೀತಿಯೇ ತಪ್ಪಿತ್ತು, ಇಂಗ್ಲಿಷ್ ಮನೆಯ ಮಕ್ಕಳು ಇದರಿಂದ ಭಾಷೆಗೇ ಬೆನ್ನು ತಿರುಗಿಸಿದರು ಅಂತ ಬಹಿರಂಗವಾಗಿ ಹೇಳಿದರು.

ಎರಡು ಭಾಷೆಗಳ ನಡುವೆ ಬೆಳೆದ ಮೇಷ್ಟ್ರು ಇಲ್ಲೇ ಬೇರೆಯಾಗಿ ಕಾಣೋದು. ಮ್ಯಾಂಡರಿನ್‌ನಲ್ಲಿ 'ಮೂರು ಪುಸ್ತಕ' ಅನ್ನೋಕೆ 'ಸಾನ್ ಬೆನ್ ಶೂ' ಅನ್ನಬೇಕು. ನಾವು 'ಮೂರು ಜನ ಮಕ್ಕಳು' ಅಂತೀವಲ್ಲ, ಹಾಗೆ ಎಣಿಕೆಗೂ ವಸ್ತುವಿಗೂ ನಡುವೆ ಇನ್ನೊಂದು ಪದ ಬೇಕೇ ಬೇಕು. ಇಂಗ್ಲಿಷ್ ಮನೆಯ ಮಗು ಆ 'ಬೆನ್' ಬಿಟ್ಟೇಬಿಡುತ್ತೆ. ಮ್ಯಾಂಡರಿನ್ ಒಂದೇ ಗೊತ್ತಿರುವವರಿಗೆ ಅದು ಬರೀ ತಪ್ಪು. ಎರಡೂ ಗೊತ್ತಿರುವವರಿಗೆ ಆ ತಪ್ಪು ಎಲ್ಲಿಂದ ಬಂತು ಅಂತಲೂ ಗೊತ್ತು. ಜಾವಾದಲ್ಲಿ ಪಳಗಿದವನು ಪೈಥಾನ್‌ನಲ್ಲೂ ಜಾವಾ ಥರಾನೇ ಕೋಡ್ ಬರೀತಾನೆ. ರಿವ್ಯೂ ಮಾಡುವವರು ಅವನನ್ನು ದಡ್ಡ ಅನ್ನಲ್ಲ, ಎಲ್ಲಿಂದ ಬಂದಿದ್ದಾನೆ ಅಂತ ಅವರಿಗೆ ಅರ್ಥ ಆಗುತ್ತೆ. ಮಗುವಿಗೆ ಆ ಮರ್ಯಾದೆ ಯಾಕಿಲ್ಲ?

ನಮ್ಮೂರ ಶಾಲೆಯಲ್ಲಿ 'ಹಾಲು' ಅನ್ನೋಕೆ 'ಆಲು' ಅಂದರೆ ಬೆತ್ತದ ಏಟು ಬೀಳುತ್ತಿತ್ತು. ಅವ್ವ ಆಡುವ ಮಾತೇ ತಪ್ಪು ಅನ್ನೋ ಪಾಠ 'ಹ'ಕಾರಕ್ಕಿಂತ ಮೊದಲೇ ತಲೆಗೆ ಹೋಗುತ್ತಿತ್ತು. ಹೊಕ್ಕಿಯನ್ ಮನೆಯಲ್ಲಿ ಬೆಳೆದು ಶಾಲೆಯಲ್ಲಿ ಮ್ಯಾಂಡರಿನ್ ಕಲಿತ ಮೇಷ್ಟ್ರಿಗೂ ಇದು ಹೊಸದಲ್ಲ. ಈಗ ಅದೇ ನಾಚಿಕೆಯನ್ನು ಮುಂದಿನವರಿಗೆ ದಾಟಿಸಬೇಕಾ, ತನ್ನಲ್ಲಿಗೇ ನಿಲ್ಲಿಸಬೇಕಾ? ನನಗೆ ಇದು ನೀತಿಯ ಪ್ರಶ್ನೆ, ಬೋಧನಾ ವಿಧಾನದ್ದು ಮಾತ್ರ ಅಲ್ಲ.

ಹಾಗಂತ ಎರಡು ಭಾಷೆಯಲ್ಲಿ ಬೆಳೆದವರೆಲ್ಲ ಒಳ್ಳೇ ಮೇಷ್ಟ್ರಾಗಲ್ಲ. ಚಿಕ್ಕಂದಿನಲ್ಲಿ ತಾನಾಗೇ ಬಂದ ಭಾಷೆ ಹೇಗೆ ಬಂತು ಅಂತ ನೆನಪಿರಲ್ಲ. "ಕೇಳ್ತಾ ಕೇಳ್ತಾ ಬರುತ್ತೆ ಬಿಡು" ಅಂದುಬಿಡೋದು ಸುಲಭ. ಇನ್ನೊಂದು ಅಪಾಯವೂ ಇದೆ. ಪ್ರತಿ ಸಲ ಇಂಗ್ಲಿಷ್‌ನಲ್ಲಿ ಬಿಡಿಸಿ ಹೇಳಿದರೆ ಮಗು ಅಲ್ಲೇ ಕೂತುಬಿಡುತ್ತೆ. ಎಷ್ಟೋ ಮಕ್ಕಳ ಕಿವಿಗೆ ಮ್ಯಾಂಡರಿನ್ ಬೀಳೋದೇ ಆ ಒಂದು ಪೀರಿಯಡ್‌ನಲ್ಲಿ. ಅದನ್ನೂ ಇಂಗ್ಲಿಷ್ ತಿಂದುಹಾಕಿದರೆ ಅದು ದಯೆ ಅಲ್ಲ, ಮೋಸ.

ಹಾಗಾಗಿ ನನಗೆ ಸರಿ ಕಾಣೋದು ಇಷ್ಟು: ಮಗುವಿನ ಭಾಷೆಯಲ್ಲಿ ಕೈ ಹಿಡಿದು ದಾಟಿಸಿ, ದಾಟಿದ ಮೇಲೆ ಕೈ ಬಿಡಿ. ಯಾವಾಗ ಹಿಡೀಬೇಕು, ಯಾವಾಗ ಬಿಡಬೇಕು ಅಂತ ಸೂತ್ರ ಬರೆಯೋಕಾಗಲ್ಲ. ಎರಡೂ ದಡ ನೋಡಿದವರಿಗೆ ಅದರ ಅಂದಾಜು ಸ್ವಲ್ಪ ಹೆಚ್ಚಿರುತ್ತೆ, ಹಾಗಾಗಿ ಜವಾಬ್ದಾರಿಯೂ ಹೆಚ್ಚು.

ಬೆಂಗಳೂರಿನ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಇಂಗ್ಲಿಷ್ ಆಡ್ತಾ ಬೆಳೆದ ನಮ್ಮ ಮಕ್ಕಳು ಕನ್ನಡ ಪೀರಿಯಡ್ ಅಂದರೆ ಮುಖ ಸಿಂಡರಿಸ್ತಾರೆ. ಅವರಿಗೆ ಕನ್ನಡ ಹೇಳಿಕೊಡೋಕೆ ಕೂತಾಗ ನಾವು ಯಾವ ಥರದ ಮೇಷ್ಟ್ರು?