ಇಂದಿನ ಧಮ್ಮ ಚಿಂತನೆ: ಮೂಲಾ ನಕ್ಷತ್ರವನ್ನು ಕಣ್ಣಾರೆ ಕಂಡ ರಾತ್ರಿ





ಇಂದಿನ ಚಿಂತನೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡಬೇಕಾಗಿದೆ. ನಮ್ಮ ಮನೆಯ ನಡುಗೋಡೆಯ ಮೇಲೆ ಬುದ್ಧರ ಮತ್ತು ಬಾಬಾಸಾಹೇಬರ ಚಿತ್ರಗಳಿವೆ. 22 ಪ್ರತಿಜ್ಞೆಗಳನ್ನು ನಾನೇ ಎಷ್ಟೋ ಸಭೆಗಳಲ್ಲಿ ಓದಿ ಹೇಳಿಸಿದ್ದೇನೆ. ಆದರೂ ಕಳೆದ ವರ್ಷ, ಯಾರಿಗೂ ಗೊತ್ತಾಗದ ಹಾಗೆ, ನನ್ನ ಮಗಳ ಜಾತಕ ಬರೆಸಿದೆ.

ಆದದ್ದು ಇಷ್ಟು. ಮಗಳಿಗೆ ಒಂದು ಸಂಬಂಧ ಬಂತು. ಅವರೂ ದೀಕ್ಷೆ ತೆಗೆದುಕೊಂಡ ಮನೆತನದವರೇ. ಮಾತುಕತೆ ಮುಗಿಯುತ್ತಾ ಬಂದಾಗ ಹುಡುಗನ ಕಡೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನಮಗೇನೂ ಇದರಲ್ಲಿ ನಂಬಿಕೆ ಇಲ್ಲ ಮೇಡಂ, ಮನೆಯ ಹೆಂಗಸರ ಸಮಾಧಾನಕ್ಕೆ ಒಂದು ಜಾತಕ ಇದ್ದರೆ ಕೊಡಿ" ಅಂದರು. ಇಲ್ಲ ಎನ್ನಬೇಕಿತ್ತು. ನಾನು ಬೀರುವಿನಿಂದ ಆಸ್ಪತ್ರೆಯ ಹಳೇ ಚೀಟಿ ತೆಗೆದು, ಹುಟ್ಟಿದ ಗಳಿಗೆ ನೋಡಿಕೊಂಡು, ಪಕ್ಕದೂರಿನ ಜೋಯಿಸರ ಬಳಿ ಹೋದೆ. ಮೂಲಾ ನಕ್ಷತ್ರ ಬಂತು. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲವೆಂದು ಸಂಬಂಧ ಅಲ್ಲಿಗೇ ನಿಂತಿತು.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. "ಹುಟ್ಟಿದ ಗಳಿಗೆಯನ್ನು ಸ್ವಲ್ಪ ಹಿಂದೆಮುಂದೆ ಮಾಡಿ ಬರೆಯೋಕಾಗುತ್ತಾ?" ಎಂದು ಜೋಯಿಸರನ್ನು ಕೇಳಿದವಳು ನಾನು. ಅದು ಹೇಗೋ ಮಗಳ ಕಿವಿಗೆ ಬಿತ್ತು. ಅವಳು ಜಗಳ ಆಡಲಿಲ್ಲ. ಮಾತು ಕಡಿಮೆ ಮಾಡಿದಳು.

ನನ್ನ ತಮ್ಮ ಸಿಂಗಪುರದಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದಾನೆ. ಈ ಬೇಸಿಗೆ ರಜೆಯಲ್ಲಿ "ಒಂದು ಸಲ ಬಂದು ಹೋಗಕ್ಕ" ಎಂದು ಇಬ್ಬರಿಗೂ ಟಿಕೆಟ್ ಕಳಿಸಿದ. ಹೋದೆವು. ಅಲ್ಲಿ ರಾತ್ರಿ ಎಂಬುದೇ ಇಲ್ಲ ಅನ್ನಿ. ಅಷ್ಟು ದೀಪ. 2016ರಲ್ಲಿ ವಿಜ್ಞಾನಿಗಳು ಕೃತಕ ಬೆಳಕಿನ ಜಾಗತಿಕ ನಕ್ಷೆಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ರಾತ್ರಿಯ ಆಕಾಶ ಅತಿ ಹೆಚ್ಚು ಬೆಳಗಿಹೋದ ದೇಶ ಸಿಂಗಪುರ. ಪ್ರಪಂಚದ ಮೂರನೇ ಒಂದು ಭಾಗದಷ್ಟು ಜನರಿಗೆ ತಾವಿರುವ ಜಾಗದಿಂದ ಹಾಲುಹಾದಿ ಕಾಣುವುದೇ ಇಲ್ಲ ಎಂದೂ ಆ ಅಧ್ಯಯನ ಹೇಳುತ್ತದೆ. ಹಾಗಾಗಿ ಅಲ್ಲಿನ ಆಸಕ್ತರು ಗುಂಪು ಕಟ್ಟಿಕೊಂಡು, ಗಡಿ ದಾಟಿ, ಮಲೇಷ್ಯಾಕ್ಕೆ ಹೋಗಿ ನಕ್ಷತ್ರ ನೋಡಿ ಬರುತ್ತಾರೆ. ತಮ್ಮ ಅಂಥದೊಂದು ಗುಂಪಿನಲ್ಲಿ ನಮ್ಮ ಹೆಸರನ್ನೂ ಬರೆಸಿದ್ದ.

ವೈಶಾಖ ಪೂರ್ಣಿಮೆ ಕಳೆದು ಹನ್ನೆರಡು ದಿನ ಆಗಿತ್ತು, ಅಮಾವಾಸ್ಯೆಗೆ ಹತ್ತಿರದ ಶನಿವಾರ. "ಒಳ್ಳೇ ಕೆಲಸಕ್ಕೆ ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಿಗಲಿಲ್ವಾ" ಎಂದು ನಮ್ಮೂರಲ್ಲಾದರೆ ಕೇಳುತ್ತಿದ್ದರು. ನಕ್ಷತ್ರ ನೋಡುವವರಿಗೆ ಅದೇ ಒಳ್ಳೆಯ ದಿನ, ಚಂದ್ರನ ಬೆಳಕು ಅಡ್ಡ ಬರುವುದಿಲ್ಲ. ನಮಗಾದರೂ ಅಮಾವಾಸ್ಯೆಯೆಂದರೆ ಹೆದರುವ ದಿನವಲ್ಲ, ಉಪೋಸಥದ ದಿನ ಎಂಬುದು ನೆನಪಾಯಿತು.

ಮಧ್ಯಾಹ್ನ ಹೊರಟ ಬಸ್ಸು ಸುಮಾರು ಒಂದು ಕಿಲೋಮೀಟರ್ ಉದ್ದದ ಸಮುದ್ರದ ಏರಿ ದಾಟಿತು. ಎರಡೂ ಕಡೆ ಪಾಸ್‌ಪೋರ್ಟ್ ತೋರಿಸಿದೆವು. ಆಮೇಲೆ ಗಂಟೆಗಟ್ಟಲೆ ತಾಳೆಎಣ್ಣೆ ತೋಟಗಳ ನಡುವಿನ ದಾರಿ. ಜೊಹೋರ್ ರಾಜ್ಯದ ಪೂರ್ವ ಕರಾವಳಿಯಲ್ಲಿ ಮೆರ್ಸಿಂಗ್ ಎಂಬ ಪೇಟೆಯಿದೆ. ಅದರ ಆಚೆಯ ಕಡಲತೀರದಲ್ಲಿ ಇಳಿದೆವು. ಗುಂಪಿನಲ್ಲಿ ಚೀನೀ ಅಜ್ಜಿ, ತಮಿಳು ಹುಡುಗರು, ಮಲಯ್ ದಂಪತಿ, ಎಲ್ಲರೂ ಇದ್ದರು. ಮುಂದಾಳು ನನ್ನ ಹಾಗೇ ಮೇಷ್ಟ್ರು, ನಿವೃತ್ತರು. ಅವರ ನಿಯಮ ಎರಡೇ. ಮೊಬೈಲ್ ತೆಗೆಯಬಾರದು, ಕೆಂಪು ಕಾಗದ ಸುತ್ತಿದ ಟಾರ್ಚ್ ಬಿಟ್ಟು ಬೇರೆ ಬೆಳಕು ಬೇಡ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಬ್ಬರು ಮೊಬೈಲ್ ಬೆಳಗಿಸಿದರೂ ಸಾಕು, ಮತ್ತೆ ಮೊದಲಿನಿಂದ ಶುರು. ಧ್ಯಾನಕ್ಕೆ ಕೂತು ಅಭ್ಯಾಸವಿರುವವರಿಗೆ ಇದು ಹೊಸ ಪಾಠವೇನಲ್ಲ.

ಹತ್ತರವರೆಗೂ ಮೋಡ. ಆಮೇಲೆ ಸರಿಯಿತು. ಉತ್ತರಕ್ಕೆ ಸಪ್ತರ್ಷಿ, ದಕ್ಷಿಣಕ್ಕೆ ತ್ರಿಶಂಕು, ಒಂದೇ ಆಕಾಶದಲ್ಲಿ ಎರಡೂ. ರಾತ್ರಿ ಏರಿದಂತೆ ಸಮುದ್ರದ ಕಡೆಯಿಂದ ಹಾಲುಹಾದಿ ಎದ್ದು ಬಂತು.

ಚಾಪೆಯ ಮೇಲೆ ಮಲಗಿದ್ದ ನನಗೆ ನಮ್ಮ ಕೇರಿ ನೆನಪಾಯಿತು. ನನ್ನ ಹೈಸ್ಕೂಲು ಮುಗಿಯುವವರೆಗೂ ಅಲ್ಲಿ ಬೀದಿದೀಪ ಇರಲಿಲ್ಲ. ಕಂಬಗಳು ಮೇಲಿನ ಬೀದಿಯ ತನಕ ಬಂದು ನಿಂತಿದ್ದವು. ಅಂಗಳದಲ್ಲಿ ಮಲಗಿದರೆ ಇದೇ ಹಾಲುಹಾದಿ ಕಾಣುತ್ತಿತ್ತು. ಹಾಗೆಂದು ಆ ಕತ್ತಲೆಯನ್ನು ಹೊಗಳಲಾರೆ. ಅದೇ ಕತ್ತಲಲ್ಲಿ ನಮ್ಮ ಹೆಂಗಸರು ಜೀವ ಕೈಯಲ್ಲಿ ಹಿಡಿದು ಬಯಲಿಗೆ ಹೋಗುತ್ತಿದ್ದರು, ನಾವು ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿದು ಓದಿದೆವು. ಆರಿಸಿಕೊಂಡ ಕತ್ತಲೆ ಬೇರೆ, ಹೇರಿದ ಕತ್ತಲೆ ಬೇರೆ.

ಒಂದು ಗಂಟೆಯ ಹೊತ್ತಿಗೆ ಮುಂದಾಳು ಹಸಿರು ಕಿರಣದ ಲೇಸರ್ ಹಿಡಿದು ವೃಶ್ಚಿಕವನ್ನು ತೋರಿಸಿದರು. ನಿಜಕ್ಕೂ ಚೇಳಿನ ಹಾಗೇ ಇದೆ. ಎದೆಯಲ್ಲಿ ಕೆಂಪಗೆ ಉರಿಯುವುದು ಜ್ಯೇಷ್ಠಾ. ಬಾಲದ ತುದಿಯಲ್ಲಿ, ಕೊಂಡಿಯ ಜಾಗದಲ್ಲಿ, ಎರಡು ತಾರೆಗಳು ಜೋಡಿಯಾಗಿ ಮಿನುಗುತ್ತವೆ. ಪಂಚಾಂಗದವರು ಮೂಲಾವನ್ನು ಧನು ರಾಶಿಗೆ ಸೇರಿಸಿದರೂ ಕಣ್ಣಿಗೆ ಕಾಣುವ ಮೂಲಾ ಇರುವುದು ಈ ಚೇಳಿನ ಬಾಲದಲ್ಲಿ. ಮಗಳು ಎಲ್ಲ ಓದಿಕೊಂಡೇ ಬಂದಿದ್ದಳು. ನನ್ನ ತೋಳು ಮುಟ್ಟಿ, "ಅಮ್ಮಾ, ಅಗೋ ನನ್ನ ನಕ್ಷತ್ರ. ಇದಕ್ಕಾ ನೀನು ಹೆದರಿದ್ದು?" ಅಂದಳು.

ಏನು ಹೇಳಲಿ? ಆ ತಾರೆಗಳು ನೂರಾರು ಜ್ಯೋತಿರ್ವರ್ಷ ದೂರದಲ್ಲಿವೆ. ಅಂದು ನಮ್ಮ ಕಣ್ಣಿಗೆ ಬಿದ್ದ ಬೆಳಕು ಬಾಬಾಸಾಹೇಬರು ಹುಟ್ಟುವುದಕ್ಕೂ ಬಹಳ ಹಿಂದೆ ಹೊರಟದ್ದು. ಚಂದ್ರ ಇರುವುದು 3,84,000 ಕಿಲೋಮೀಟರ್ ದೂರದಲ್ಲಿ. ಅವನು ಆ ದಿಕ್ಕಿನಲ್ಲಿ ಹಾದುಹೋಗುವಾಗ ಮಗು ಹುಟ್ಟಿದರೆ ಅದು ಮೂಲಾ ನಕ್ಷತ್ರದ ಮಗು. ನಮ್ಮೂರ ಬಸ್ಸು ದೂರದ ಬೆಟ್ಟದ ಮುಂದೆ ಹಾದುಹೋದ ಹಾಗೆ. ಬಸ್ಸಿಗೂ ಬೆಟ್ಟಕ್ಕೂ ಏನು ನೆಂಟಸ್ತಿಕೆ?

ಮಗಳು ಕತ್ತಲಲ್ಲೇ ಲೆಕ್ಕ ಹಾಕಿದಳು. ಚಂದ್ರನ ದಾರಿಯನ್ನು ಸಮನಾಗಿ 27 ನಕ್ಷತ್ರಗಳಿಗೆ ಹಂಚಿದ್ದಾರೆ. ಅಂದರೆ ಹೆಚ್ಚುಕಡಿಮೆ 27 ಜನರಲ್ಲಿ ಒಬ್ಬರು ಮೂಲಾದವರು. 140 ಕೋಟಿಯ ನಮ್ಮ ದೇಶದಲ್ಲಿ ಅದು 5 ಕೋಟಿಗೂ ಹೆಚ್ಚು. ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. "ಇಷ್ಟೂ ಜನರ ಮಾವಂದಿರು ಸತ್ತುಹೋಗಿದ್ದರೆ ಸೆನ್ಸಸ್ಸಿನವರಿಗೆ ಗೊತ್ತಾಗ್ತಿರಲಿಲ್ವಾ ಅಮ್ಮ?" ಎಂದು ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು ಅದು.

"ತಪ್ಪಾಯ್ತು ಕಣೇ" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಜೋಯಿಸರ ಹತ್ತಿರ ಹೋಗಿದ್ದಕ್ಕೆ ಅಷ್ಟು ಬೇಜಾರಿಲ್ಲ. ನಾನು ಹುಟ್ಟಿದ ಗಳಿಗೆಯನ್ನೇ ತಿದ್ದೋಕೆ ಹೊರಟೆಯಲ್ಲ, ಅದಕ್ಕೆ."

ಬಂಧುಗಳೇ, ಈ ಮಾತನ್ನು ನಾವೆಲ್ಲ ಕೂತು ಯೋಚಿಸಬೇಕು. ಪೇಟೆಯಲ್ಲಿ ಬಾಡಿಗೆ ಮನೆ ಸಿಗಲೆಂದು ಜಾತಿ ಮುಚ್ಚಿಟ್ಟವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅದರ ಸಂಕಟ ನಮಗೆ ಗೊತ್ತು. ಹುಟ್ಟನ್ನು ಮುಚ್ಚಿಡುವ ಕ್ಷಣದಲ್ಲಿ, ತಪ್ಪು ನಮ್ಮ ಹುಟ್ಟಿನದೇ ಎಂದು ಒಪ್ಪಿಕೊಂಡಂತಾಗುತ್ತದೆ. ಆ ಸಂಕಟವನ್ನು ನಾನೇ ನನ್ನ ಮಗಳಿಗೆ ಉಣಿಸಿದೆ. ಕನ್ನಡ ಪಾಠ ಹೇಳುವವಳು ನಾನು. ಜಾತಿ, ಜಾತಕ, ಎರಡೂ ಹುಟ್ಟು ಎಂಬ ಅರ್ಥದ ಒಂದೇ ಧಾತುವಿನಿಂದ ಬಂದ ಪದಗಳು ಎಂದು ತರಗತಿಯಲ್ಲಿ ಹೇಳಿದ್ದೇನೆ. ಒಂದು ಎಲ್ಲಿ ಹುಟ್ಟಿದೆ ಎಂದು ಕೇಳಿ ಬೆಲೆ ಕಟ್ಟುತ್ತದೆ, ಇನ್ನೊಂದು ಯಾವಾಗ ಹುಟ್ಟಿದೆ ಎಂದು ಕೇಳಿ ಬೆಲೆ ಕಟ್ಟುತ್ತದೆ. ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯೇ ಮನುಷ್ಯನನ್ನು ಮಾಡುತ್ತದೆ ಎಂದು ವಸಲ ಸುತ್ತದಲ್ಲಿ ಭಗವಾನರು ಹೇಳಿದ್ದು ಎರಡಕ್ಕೂ ಉತ್ತರ. ಮೊದಲನೆಯದನ್ನು ಬಿಟ್ಟು ಬಂದ ನಾವು ಎರಡನೆಯದನ್ನು ಬೀರುವಿನಲ್ಲಿ ಇಟ್ಟುಕೊಂಡರೆ ಬಿಟ್ಟು ಬಂದದ್ದೇನು?

ತಿಪಿಟಕದಲ್ಲಿ ಈ ವಿಷಯ ಎರಡು ಕಡೆಯಿಂದ ಬರುತ್ತದೆ. ದೀಘ ನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲ ಸುತ್ತದಲ್ಲಿ, ಗ್ರಹನಕ್ಷತ್ರ ನೋಡಿ ಫಲ ಹೇಳಿ, ಮದುವೆಗೆ ದಿನ ಗೊತ್ತುಮಾಡಿ ಹೊಟ್ಟೆ ಹೊರೆಯುವುದನ್ನು ಹೀನ ವಿದ್ಯೆಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಜಾತಕ ಕಥೆಗಳಲ್ಲಿ 49ನೆಯದು ನಕ್ಖತ್ತ ಜಾತಕ. ದಿನ ಗೊತ್ತಾದ ಮೇಲೆ ತನ್ನನ್ನು ಕೇಳಿದರೆಂಬ ಸಿಟ್ಟಿಗೆ ಒಬ್ಬ ಆಜೀವಿಕ "ಇವತ್ತು ನಕ್ಷತ್ರ ಸರಿಯಿಲ್ಲ" ಎಂದುಬಿಡುತ್ತಾನೆ. ಗಂಡಿನ ಕಡೆಯವರು ಹೋಗುವುದಿಲ್ಲ. ಕಾದು ಕಾದು ಹೆಣ್ಣಿನವರು ಬೇರೆಯವರಿಗೆ ಮದುವೆ ಮಾಡಿಕೊಡುತ್ತಾರೆ. ನಕ್ಷತ್ರ ನೋಡುತ್ತಾ ಕೂತವರ ಕೈಗೆ ಏನೂ ಸಿಗಲಿಲ್ಲ.

ಹಾಗಾದರೆ ಬೌದ್ಧರು ನಕ್ಷತ್ರದ ಕಡೆ ತಿರುಗಿಯೂ ನೋಡಬಾರದೇ? ವಿನಯ ಪಿಟಕದ ಚುಲ್ಲವಗ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ಕಾಡಿನಲ್ಲಿದ್ದ ಭಿಕ್ಖುಗಳ ಬಳಿಗೆ ಕಳ್ಳರು ಬರುತ್ತಾರೆ. ನೀರಿದೆಯೇ, ಬೆಂಕಿಯಿದೆಯೇ, ಇಂದು ಯಾವ ನಕ್ಷತ್ರ, ಇದು ಯಾವ ದಿಕ್ಕು ಎಂದು ಕೇಳುತ್ತಾರೆ. ಭಿಕ್ಖುಗಳಿಗೆ ಯಾವುದೂ ಗೊತ್ತಿಲ್ಲ. ಇವರು ಭಿಕ್ಖುಗಳೇ ಅಲ್ಲ ಎಂದು ಹೊಡೆದು ಹೋಗುತ್ತಾರೆ. ಆಗ ಭಗವಾನರು, ಕಾಡಿನಲ್ಲಿ ಇರುವ ಭಿಕ್ಖು ನಕ್ಷತ್ರಗಳ ಸ್ಥಾನವನ್ನು ಕಲಿಯಬೇಕು, ದಿಕ್ಕು ತಿಳಿದಿರಬೇಕು ಎಂದು ನಿಯಮ ಮಾಡುತ್ತಾರೆ. ನೋಡಿ, ಭವಿಷ್ಯ ಹೇಳಲು ನಕ್ಷತ್ರ ಬೇಡ ಎಂದವರೇ ದಾರಿ ತಿಳಿಯಲು ನಕ್ಷತ್ರ ಕಲಿಯಿರಿ ಎಂದರು. ನಾವು ಮಾಡಿದ್ದು ತಿರುವುಮುರುವು. ನಕ್ಷತ್ರಕ್ಕೆ ಹೆದರಿದೆವು, ನಕ್ಷತ್ರವನ್ನು ಕಲಿಯಲಿಲ್ಲ. ನಲವತ್ತು ದಾಟಿದ ನಾನು ಮೂಲಾ ಎಲ್ಲಿದೆಯೆಂದು ಅಂದಿನವರೆಗೆ ಒಮ್ಮೆಯೂ ನೋಡಿರಲಿಲ್ಲ.

ಆ ರಾತ್ರಿ ರೋಹಿತ್ ವೇಮುಲನ ನೆನಪೂ ಬಂತು. ಕಾರ್ಲ್ ಸಾಗನ್ ಅವರಂತೆ ವಿಜ್ಞಾನದ ಲೇಖಕನಾಗುವ ಆಸೆಯನ್ನು ಆತ 2016ರ ಜನವರಿಯ ಆ ಕೊನೆಯ ಪತ್ರದಲ್ಲಿ ಹೇಳಿಕೊಂಡಿದ್ದ. ಮನುಷ್ಯನನ್ನು ಅವನ ಗುರುತಿಗೆ ಇಳಿಸುತ್ತಾರೆ, ನಕ್ಷತ್ರದ ಧೂಳಿನಿಂದಾದ ಜೀವವೆಂದು ಕಾಣುವುದಿಲ್ಲ ಎಂಬ ನೋವನ್ನೂ ಬರೆದಿದ್ದ. ಅದು ಬರೀ ಕವಿಮಾತಲ್ಲ. ನಮ್ಮ ರಕ್ತದ ಕಬ್ಬಿಣ, ಎಲುಬಿನ ಸುಣ್ಣದಂಶ ಎಂದೋ ನಕ್ಷತ್ರಗಳಲ್ಲಿ ತಯಾರಾದವು. ನನ್ನ ಮಗಳಿಗೂ ನಕ್ಷತ್ರಕ್ಕೂ ಸಂಬಂಧ ಇದೆ ಎಂದರೆ ಅದು ಇದು. ಈ ಸಂಬಂಧ ಮೇಲಿನ ಬೀದಿಯವರಿಗೂ ಅಷ್ಟೇ, ಕೇರಿಯವರಿಗೂ ಅಷ್ಟೇ.

ಊರಿಗೆ ಬಂದ ಮೇಲೆ ಜಾತಕದ ಕಾಗದವನ್ನು ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ಹರಿಯಲಿಲ್ಲ. ಹಿಂಬದಿಯ ಖಾಲಿ ಜಾಗದಲ್ಲಿ ಚೇಳಿನ ಚಿತ್ರ ಬರೆದು, ಕೊಂಡಿಯ ಎರಡು ತಾರೆಗಳನ್ನು ಗುರುತಿಸಿ, ನನ್ನ ಶಾಲೆಯ ಮಕ್ಕಳಿಗೆ ತೋರಿಸಲು ವಾಪಸ್ಸು ಕೊಟ್ಟಳು.

*ಇಂದಿನ ಅಭ್ಯಾಸ*

ಮೂಲಾ ನೋಡಲು ಗಡಿ ದಾಟಬೇಕಿಲ್ಲ. ಜುಲೈನಲ್ಲಿ ಮಳೆ ಬಿಡುವು ಕೊಟ್ಟ ಒಂದು ರಾತ್ರಿ, ಒಂಬತ್ತರ ಹೊತ್ತಿಗೆ, ಮನೆಯ ದೀಪ ಆರಿಸಿ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಚೇಳು ಕಾಣುತ್ತದೆ. ಕೊಂಡಿಯ ಜೋಡಿ ತಾರೆ ತೋರಿಸಿ. ಇದರ ಹೆಸರು ಮೂಲಾ, ಇದು ಯಾರಿಗೂ ಏನೂ ಮಾಡುವುದಿಲ್ಲ ಎಂದು ಹೇಳಿ. ಆಮೇಲೆ ನಿಮ್ಮ ಬೀರುವಿನಲ್ಲೂ ಅಂಥದೊಂದು ಕಾಗದ ಇದೆಯೇ ಎಂದು ನೋಡಿ. ಇದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಭಾನುವಾರದ ಅಧ್ಯಯನಕ್ಕೆ ತನ್ನಿ, ನಾನೂ ನನ್ನದನ್ನು ತರುತ್ತೇನೆ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈಭೀಮ್ 🙏