ತೀರ್ಪು ಮತ್ತು ವರ್ಣನೆ

ಭಾಷೆಯಲ್ಲಿ ಇದು ಸರಿ, ಇದು ತಪ್ಪು ಎಂದು ತೀರ್ಪು ಕೊಡುವ ಅಧಿಕಾರ ಯಾರದು? ಪ್ರತಿದಿನವೂ ಆ ಅಧಿಕಾರವನ್ನು ನಡೆಸುವ ಉಪಾಧ್ಯಾಯರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಳೆದ ವರ್ಣನಾತ್ಮಕ ಭಾಷಾವಿಜ್ಞಾನವಾದರೋ ತೀರ್ಪನ್ನೇ ಬದಿಗಿರಿಸಿ ಹೊರಟಿತು. ಜನರು ಹೇಗೆ ಮಾತನಾಡಬೇಕೆಂಬುದಲ್ಲ, ಹೇಗೆ ಮಾತನಾಡುತ್ತಾರೆಂಬುದೇ ಅದರ ವಿಷಯ.

ಈ ಸಂಯಮದ ಒಂದು ಬೀಜವು ಫ್ರಾನ್ಸ್ ಬೋಆಸರು 1889ರಲ್ಲಿ ಬರೆದ ಚಿಕ್ಕ ಲೇಖನದಲ್ಲಿದೆ. ಅಮೆರಿಕದ ಆದಿವಾಸಿಗಳು ಒಂದೇ ಶಬ್ದವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಉಚ್ಚರಿಸುತ್ತಾರೆ, ಅದು ಹಿಂದುಳಿದ ಭಾಷೆಯ ಕುರುಹು ಎಂದು ಆಗಿನ ಕೆಲವು ಪಂಡಿತರು ನಂಬಿದ್ದರು. ಬೋಆಸರು ತಮ್ಮದೇ ಟಿಪ್ಪಣಿಗಳನ್ನು ತೆರೆದು ನೋಡಿದರು. ಎಸ್ಕಿಮೋ ಜನರ ಒಂದೇ ಶಬ್ದವನ್ನು ಬೇರೆ ಬೇರೆ ವೇಳೆಯಲ್ಲಿ ಬೇರೆ ಬೇರೆಯಾಗಿ ಬರೆದವರು ತಾವೇ! ತೊಡಕು ಆಡುವವನ ನಾಲಗೆಯಲ್ಲಿರಲಿಲ್ಲ. ಪರಿಚಯವಿಲ್ಲದ ಧ್ವನಿಯನ್ನು ತನ್ನ ಭಾಷೆಯ ಧ್ವನಿಯೆಂದು ಗ್ರಹಿಸುವ ಕಿವಿಯಲ್ಲಿತ್ತು. ಕನ್ನಡವರಿಯದವನಿಗೆ 'ಬಲೆ'ಯೂ 'ಬಳೆ'ಯೂ ಒಂದಾಗಿ ಕೇಳಿಸಿದರೆ ದೋಷ ಕನ್ನಡದ್ದಲ್ಲವಷ್ಟೆ. ಧ್ವನಿಗೆ ಬೆಲೆ ಬರುವುದು ಅದೇ ಭಾಷೆಯ ಇತರ ಧ್ವನಿಗಳಿಂದ ಬೇರೆಯಾಗಿ ನಿಲ್ಲುವುದರಿಂದ ಎಂಬ ತತ್ತ್ವವನ್ನು, ಸೊಸ್ಯೂರರು ಗತಿಸಿದ ಮೂರು ವರ್ಷಗಳ ಮೇಲೆ, 1916ರಲ್ಲಿ ಪುಸ್ತಕವಾದ ಅವರ ಉಪನ್ಯಾಸಗಳು ಸ್ಥಾಪಿಸಿದುವು. ಅಂದಮೇಲೆ ಪ್ರತಿಯೊಂದು ಭಾಷೆಯನ್ನೂ ಅದರದೇ ಅಳತೆಗೋಲಿನಿಂದ ಅಳೆಯಬೇಕು.

ಹಾಗಾದರೆ ತಪ್ಪೆಂಬುದು ಶಾಲೆಯ ಸೃಷ್ಟಿಯೇ? ಹಾಗೆನ್ನುವ ಆತುರಕ್ಕೆ ತಡೆಹಾಕಿದವರು ಈ ಪಂಥದ ಮುಖ್ಯರಾದ ಬ್ಲೂಮ್‌ಫೀಲ್ಡರೇ. ವಿಸ್ಕಾನ್ಸಿನ್ನಿನ ಮೆನೋಮಿನಿ ಜನರಿಗೆ ಆಗ ಲಿಪಿಯಿರಲಿಲ್ಲ, ತಮ್ಮ ನುಡಿಗೆ ಬರೆದ ವ್ಯಾಕರಣವಿರಲಿಲ್ಲ. ಆದರೂ ಇವರು ಚೆನ್ನಾಗಿ ಮಾತನಾಡುತ್ತಾರೆ, ಇವರು ಕೆಟ್ಟದಾಗಿ ಎಂಬ ಎಣಿಕೆ ಅವರಲ್ಲಿತ್ತೆಂದು 1927ರ ಲೇಖನದಲ್ಲಿ ಅವರು ತೋರಿಸಿದರು. ಆಡುವವರ ತೀರ್ಪೂ ಭಾಷೆಯ ಸಂಗತಿಗಳಲ್ಲೊಂದು. ವರ್ಣಿಸುವವನು ಅದನ್ನು ಬಿಡಲಾಗದು.

ಅದೇ ಲೇಖನದಲ್ಲಿ ಸುಮಾರು ನಲವತ್ತು ವಯಸ್ಸಿನ ಒಬ್ಬನ ಉಲ್ಲೇಖವಿದೆ. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಮೆನೋಮಿನಿಯೂ ಹೀನ. ಒಂದು ಭಾಷೆಯೂ ಅವನಿಗೆ ನೆಟ್ಟಗೆ ಬಾರದು ಎಂಬರ್ಥದ ಮಾತನ್ನು ಬ್ಲೂಮ್‌ಫೀಲ್ಡರು ಬರೆದಿದ್ದಾರೆ. ಎರಡು ಮೂರು ನುಡಿಗಳ ನಡುವೆ ಬೆಳೆಯುವ ಗಡಿನಾಡಿನ ಮಕ್ಕಳನ್ನು ಬಲ್ಲ ನಮಗೆ ಇದು ಚುಚ್ಚುತ್ತದೆ. ಅವನ ಮಾತಿಗೂ ಒಂದು ಕ್ರಮವಿದ್ದಿರಬೇಕು. ಅದನ್ನು ಹುಡುಕುವುದಲ್ಲವೆ ಈ ಶಾಸ್ತ್ರದ ಪ್ರತಿಜ್ಞೆ? ಬೋಆಸರ ಎಚ್ಚರ ಇಲ್ಲಿ ತಪ್ಪಿತೆಂದೇ ನಮ್ಮ ಮತ.

ಚಾಮ್‌ಸ್ಕಿಯವರ 1957ರ ಪುಸ್ತಕದ ಬಳಿಕ ಈ ಪಂಥದ ಮೇಲ್ಗೈ ಕ್ರಮೇಣ ಹೋಯಿತು. ಆದರೆ ಮರುವರ್ಷವೇ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ವಿಲಿಯಂ ಬ್ರೈಟರ ಆಡುಗನ್ನಡದ ವರ್ಣನೆ ಇದೇ ದಾರಿಯದು. ನಾವು ಬರಹಕ್ಕೆ ತಕ್ಕುದಲ್ಲವೆಂದು ತಳ್ಳುವ ಮಾತಿಗೆ ಅಲ್ಲಿ ವ್ಯಾಕರಣವುಂಟು.

ಕಾಸರಗೋಡಿನ ಹವ್ಯಕ ಬಾಲಕನು 'ಎನಗೆ' ಎಂದು ಬರೆದನೆನ್ನಿ. ಇಂದಿನ ಗ್ರಂಥಭಾಷೆಯ ರೂಢಿ 'ನನಗೆ' ಎಂದು ತಿದ್ದುವುದು ನಮ್ಮ ಕರ್ತವ್ಯ; ಅದೂ ಒಂದು ವರ್ಣನೆಯೇ. 'ನಿನಗೆ ಕನ್ನಡ ಬಾರದು' ಎಂದು ಗದರಿಸಿದರೆ ಅದು ಸುಳ್ಳಾಗುತ್ತದೆ. 'ಎನಗೆ' ಎಂಬುದು ಹಳಗನ್ನಡ ಕಾವ್ಯಗಳ ರೂಪ. ಪದ್ಯದ ಪಾಠದಲ್ಲಿ ಅದಕ್ಕೆ ಅರ್ಥ ಹೇಳಿಕೊಡುವವರೂ ನಾವೇ.